ಬಡಿಸುವವರಿಗೆ ಬಿಟ್ಟದ್ದು



ಈ ಸಲ ಒಂದು ಜಪಾನೀ ಮಾತಿನ ಅರ್ಥ ಹೇಳಿ ಶುರು ಮಾಡುತ್ತೇನೆ. ನಿಮ್ಮಲ್ಲಿ ಹಲವರಿಗೆ ಅದು ನನಗಿಂತ ಮೊದಲೇ ಗೊತ್ತಿದ್ದೀತು. ‘ಒಮಾಕಾಸೆ.’ ಅಂದರೆ ‘ನಿಮಗೇ ಬಿಟ್ಟಿದ್ದೇನೆ’ ಎಂದು. ಸುಶಿ ಅಂಗಡಿಯ ಕಟ್ಟೆಯ ಮುಂದೆ ಕುಳಿತ ಗಿರಾಕಿ ಈ ಮಾತು ಹೇಳಿದನೆಂದರೆ, ಇವತ್ತು ಯಾವ ಮೀನು ಚೆನ್ನಾಗಿದೆ, ಯಾವುದರ ಹಿಂದೆ ಯಾವುದು ಬರಬೇಕು, ಎಷ್ಟಕ್ಕೆ ನಿಲ್ಲಿಸಬೇಕು, ಎಲ್ಲವನ್ನೂ ಅಡುಗೆಯವನೇ ತೀರ್ಮಾನಿಸಬೇಕು. ಮೆನು ಎಂಬುದೇ ಇಲ್ಲ. ಬಿ.ಎ.ಗೆ ಇಂಗ್ಲಿಷ್ ಸಾಹಿತ್ಯ ಓದಿ ಬಂದ ನನಗೆ ಹೋಟೆಲುಗಳ ಮೆನುವಿನಲ್ಲಿ ಸ್ಪೆಲ್ಲಿಂಗ್ ತಪ್ಪು ಹುಡುಕುವುದೊಂದು ಹಳೆಯ ಚಟ. ಇಲ್ಲಿ ಆ ಸುಖವೂ ಇಲ್ಲ!

ನಮ್ಮ ಮದುವೆಯಾಗಿ ಮೂವತ್ತು ವರ್ಷ ತುಂಬಿದ್ದಕ್ಕೆ ಮಗಳು ನಮ್ಮಿಬ್ಬರನ್ನು ಇಂಥದೊಂದು ಊಟಕ್ಕೆ ಕರೆದೊಯ್ದಳು. ಐರೋಲಿಯ ಐ.ಟಿ. ಪಾರ್ಕಿನಲ್ಲಿ ಕೆಲಸ ಮಾಡುವ ಹುಡುಗಿ. ಆ ವರ್ಷ ಸಿಕ್ಕಿದ ಬೋನಸ್ಸಿನಲ್ಲಿ ಮೊದಲ ಖರ್ಚೇ ಇದು. ತಲೆಗೆ 7,500 ರೂಪಾಯಿ, ತೆರಿಗೆ ಬೇರೆ. ನನಗೆ ಮೊದಲೇ ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲವೆಂದು ಅವಳಿಗೆ ಗೊತ್ತು, ಹೇಳಲಿಲ್ಲ. ಮುಂಬಯಿಯ ಪಶ್ಚಿಮ ಉಪನಗರದ ಒಂದು ಹೋಟೆಲು, ಹೆಸರು ಬೇಡ. ಹತ್ತು ಜನ ಕೂರುವ ಉದ್ದನೆಯ ಮರದ ಕಟ್ಟೆ, ಮಂದ ದೀಪ, ಎದುರಿಗೆ ತಲೆಗೆ ಬಟ್ಟೆ ಕಟ್ಟಿದ ಅಡುಗೆಯವರು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ನಮ್ಮವರಿಗೆ ಸಿಗಡಿ ಆಗುವುದಿಲ್ಲ. ಹುಟ್ಟಿನಿಂದ ಇದ್ದದ್ದಲ್ಲ. ಕರಾವಳಿಯಲ್ಲಿ ಹುಟ್ಟಿ ಬೆಳೆದವರು, ಹುಡುಗರಾಗಿದ್ದಾಗ ಸಿಗಡಿ ಗಸಿಗೆ ಜಗಳವಾಡಿದವರು. ಮೂವತ್ತೈದು ದಾಟಿದ ಮೇಲೆ ಒಂದು ಮಧ್ಯಾಹ್ನ ಸಿಗಡಿ ಸುಕ್ಕ ತಿಂದ ಹತ್ತು ನಿಮಿಷಕ್ಕೆ ತುಟಿ ಊದಿ, ಮೈಯೆಲ್ಲ ಗಂದೆ ಎದ್ದು, ಉಸಿರಾಟಕ್ಕೇ ತೊಂದರೆಯಾಗಿ ಥಾಣೆಯ ಆಸ್ಪತ್ರೆಗೆ ಓಡಿದ್ದೆವು. ಚಿಪ್ಪಿನ ಪ್ರಾಣಿಗಳ ಅಲರ್ಜಿ ಹೀಗೆ ದೊಡ್ಡವರಾದ ಮೇಲೆ ಶುರುವಾಗುವುದು ಅಪರೂಪವಲ್ಲವಂತೆ. ಸಿಗಡಿಯಲ್ಲಿ ತೊಂದರೆ ಕೊಡುವ ಪ್ರೋಟೀನು ಬೇಯಿಸಿದರೂ ಹುರಿದರೂ ಹೋಗುವುದಿಲ್ಲ ಎಂದು ಡಾಕ್ಟರು ಅಂದೇ ಹೇಳಿದ್ದರು. ‘ಸ್ವಲ್ಪ ತಿಂದರೆ ಏನಾಗುತ್ತೆ’ ಎಂದು ಮದುವೆ ಮನೆಗಳಲ್ಲಿ ಒತ್ತಾಯ ಮಾಡುವ ನೆಂಟರಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಆದ್ದರಿಂದ ಮಗಳು ಬುಕ್ ಮಾಡುವಾಗಲೇ ಫೋನಿನಲ್ಲಿ ಬರೆದು ತಿಳಿಸಿದ್ದಳು. ಹೋಟೆಲಿನವರು ‘ನೋಟ್ ಮಾಡಿಕೊಂಡಿದ್ದೇವೆ’ ಎಂದು ಉತ್ತರವನ್ನೂ ಕೊಟ್ಟಿದ್ದರು. ಬಾಗಿಲಲ್ಲಿ ಸ್ವಾಗತಿಸಿದ ಹುಡುಗಿಗೆ ಇನ್ನೊಮ್ಮೆ ಹೇಳಿದಳು. ಆಕೆ ನಗುತ್ತ ತಲೆಯಾಡಿಸಿದಳು.

ಮೊದಲು ಊಟದ ವಿಷಯ. ನಾನು ಮೀನು ತಿನ್ನುವ ಮನೆಯಲ್ಲಿ ಹುಟ್ಟಿದವಳು. ಹಸಿ ಮೀನು ಎಂದರೆ ಮೂಗು ಮುರಿಯುವುದಕ್ಕೆಂದೇ ಹೋದವಳಲ್ಲ. ಬದಲಿಗೆ ಎರಡು ದಿನ ಕುಳಿತು ಓದಿಕೊಂಡು ಹೋಗಿದ್ದೆ (ಪರೀಕ್ಷೆಗೆ ಓದಿದ ಹಾಗೆ ಎಂದು ಮಗಳು ನಕ್ಕಳು). ಸುಶಿ ಎಂದರೆ ಹಸಿ ಮೀನು ಎಂದು ನಾವೆಲ್ಲ ತಿಳಿದಿದ್ದೇವೆ, ಹಾಗಲ್ಲ. ಆ ಹೆಸರು ಅನ್ನಕ್ಕೆ ಸೇರಿದ್ದು: ವಿನೆಗರ್, ಉಪ್ಪು, ಸಕ್ಕರೆ ಕಲಸಿದ ಹುಳಿ ಅನ್ನ. ಬಹಳ ಹಿಂದೆ ಉಪ್ಪು ಹಾಕಿದ ಮೀನನ್ನು ಅನ್ನದ ನಡುವೆ ತಿಂಗಳುಗಟ್ಟಲೆ ಒತ್ತಿಟ್ಟು, ಅನ್ನ ಹುಳಿಯಾಗಿ ಮೀನು ಕೆಡದಂತೆ ಕಾಪಾಡಿದ ಮೇಲೆ, ಅನ್ನ ಎಸೆದು ಮೀನು ತಿನ್ನುತ್ತಿದ್ದರಂತೆ. ಬಿವಾ ಸರೋವರದ ಸುತ್ತ ಅಂಥ ಸುಶಿ ಈಗಲೂ ಉಂಟು. ನಮ್ಮಲ್ಲಿ ಮಳೆಗಾಲಕ್ಕೆಂದು ಮೀನನ್ನು ಉಪ್ಪು ಹಾಕಿ ಭರಣಿಯಲ್ಲಿ ತುಂಬಿಡುತ್ತಿದ್ದ ಅಜ್ಜಿಯರಿಗೆ ಇದು ಕೇಳಿದ ಕೂಡಲೇ ಅರ್ಥವಾಗುತ್ತಿತ್ತು. ಈಗ ನಾವು ಕಾಣುವ, ಬೆರಳಿನಷ್ಟುದ್ದದ ಅನ್ನದ ಮುದ್ದೆಯ ಮೇಲೆ ಮೀನಿನ ಹೋಳು ಇಟ್ಟ ‘ನಿಗಿರಿ’ ಬಂದದ್ದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಎದೋ ಪಟ್ಟಣದಲ್ಲಿ, ಅಂದರೆ ಈಗಿನ ಟೋಕಿಯೋದಲ್ಲಿ. 1820ರ ದಶಕದ ಹನಾಯಾ ಯೋಹೇ ಎಂಬಾತನ ಹೆಸರನ್ನು ಅದಕ್ಕೆ ಜೋಡಿಸಿ ಹೇಳುತ್ತಾರೆ. ಬೀದಿಬದಿಯ ಗೂಡಂಗಡಿಯಲ್ಲಿ ನಿಂತುಕೊಂಡೇ ಎರಡು ಬಾಯಿಗೆ ಹಾಕಿ ಕೆಲಸಕ್ಕೆ ಓಡುವವರ ತಿಂಡಿ ಅದು. ನಮ್ಮ ದಾದರಿನ ವಡಾಪಾವ್ ಎಂದುಕೊಳ್ಳಿ. ವಡಾಪಾವ್‌ಗೂ ಇನ್ನು ನೂರು ವರ್ಷಕ್ಕೆ ಮಂದ ದೀಪ ಬಂದರೆ ನನಗೇನೂ ಆಶ್ಚರ್ಯವಿಲ್ಲ.

ಹಾಗೆ ನೋಡಿದರೆ ಸುಶಿಯಲ್ಲಿ ಅನ್ನವೇ ಮುಖ್ಯ. ಅದು ಮೈ ಬೆಚ್ಚಗಿರುವಷ್ಟು ಬೆಚ್ಚಗಿರಬೇಕು, ಕೈಯಲ್ಲಿ ಹಿಡಿದರೆ ನಿಲ್ಲಬೇಕು, ಬಾಯಲ್ಲಿ ಬಿಡಿಬಿಡಿಯಾಗಬೇಕು. ನಮಗೆ ಬಂದದ್ದು ತಣ್ಣಗೆ, ಗಟ್ಟಿಯಾಗಿ. ಫ್ರಿಜ್ಜಿನಲ್ಲಿಟ್ಟ ಅನ್ನ ಮರುದಿನ ಕಾಳುಕಾಳಾಗಿ ಬಿರುಸಾಗುವುದು ಯಾವ ಗೃಹಿಣಿಗೆ ಗೊತ್ತಿಲ್ಲ? ಮನೆಯಲ್ಲಾದರೆ ನಾನು ಅದಕ್ಕೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುತ್ತಿದ್ದೆ. ಒಂದೊಂದಾಗಿ ಕೈಯಿಂದ ಮಾಡಿ ಎದುರಿಗಿಡಬೇಕಾದದ್ದನ್ನು ಮೂರು ಮೂರು ಒಟ್ಟಿಗೇ ಇಟ್ಟರು. ಏಳಕ್ಕೆ ಒಂದು ಪಂಕ್ತಿ, ಒಂಬತ್ತೂವರೆಗೆ ಇನ್ನೊಂದು ಪಂಕ್ತಿ, ಮೊದಲನೆಯವರನ್ನು ಎಬ್ಬಿಸುವ ಅವಸರ. ಹನ್ನೆರಡು ತುತ್ತಿನಲ್ಲಿ ಸಾಲ್ಮನ್ ಮೂರು ಸಲ ಬಂತು. ಜಪಾನಿನ ಹಳೆಯ ಸುಶಿಯಲ್ಲಿ ಹಸಿ ಸಾಲ್ಮನ್ನೇ ಇರಲಿಲ್ಲ ಎನ್ನುವುದು ನಿಮಗೆ ಗೊತ್ತೇ? 1980ರ ದಶಕದ ನಡುವಿನಲ್ಲಿ ನಾರ್ವೆ ದೇಶದವರು ತಮ್ಮ ಸಾಕಿದ ಮೀನಿಗೆ ಮಾರುಕಟ್ಟೆ ಹುಡುಕುತ್ತ ಜಪಾನೀಯರಿಗೆ ಅದನ್ನು ಹಸಿಯಾಗಿ ತಿನ್ನುವುದು ಕಲಿಸಿದರು! ವಸಾಬಿ ಎಂದು ಇಟ್ಟದ್ದು ಹಸಿರು ಬಣ್ಣ ಸೇರಿಸಿದ ಹಾರ್ಸ್‌ರಾಡಿಶ್ ಮತ್ತು ಸಾಸಿವೆ. ಇದು ಹೆಚ್ಚಿನ ಕಡೆ ಹೀಗೆಯೇ, ಅದಕ್ಕೆ ಬೇಸರವಿಲ್ಲ. ಪ್ರತಿಯೊಂದರ ಮೇಲೆ ಚಿನ್ನದ ಹಾಳೆಯ ಚೂರು ಇಟ್ಟದ್ದಕ್ಕೆ ಮಾತ್ರ ನನಗೆ ಬೇಸರ. ಮೈಸೂರು ಪಾಕಿನ ಮೇಲೆ ಬೆಳ್ಳಿ ಹಾಳೆ ಅಂಟಿಸುವ ಅಂಗಡಿಯಲ್ಲಿ ಮೈಸೂರು ಪಾಕು ಹೇಗಿರುತ್ತದೆಂದು ನಮಗೆ ಅನುಭವವಿದೆಯಲ್ಲ.

ಒಂದು ಮಾತು ಅವರ ಪರವಾಗಿಯೂ ಹೇಳಬೇಕು. ಪಕ್ಕದಲ್ಲಿ ಕುಳಿತ ಒಬ್ಬರು ‘ಇದು ಫ್ರೋಜನ್ ಮೀನು, ಮೋಸ’ ಎಂದು ಗೊಣಗುತ್ತಿದ್ದರು. ಹೆಪ್ಪುಗಟ್ಟಿಸುವುದು ಮೋಸವಲ್ಲ. ಹಸಿಯಾಗಿ ತಿನ್ನುವ ಮೀನಿನಲ್ಲಿರಬಹುದಾದ ಹುಳುಗಳು ಸಾಯಲೆಂದು ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡಬೇಕೆಂದು ಅಮೆರಿಕದ ಆಹಾರ ಇಲಾಖೆಯೇ ಹೇಳುತ್ತದೆ. ಮನೆಯ ಫ್ರಿಜ್ಜಿನ ಮೇಲಿನ ಖಾನೆಯನ್ನು ನಂಬಿ, ಮಾರ್ಕೆಟ್ಟಿನ ಬಂಗುಡೆ ತಂದು ನೀವೇ ಸುಶಿ ಮಾಡಲು ಹೊರಡಬೇಡಿ, ಇಷ್ಟು ನನ್ನ ಕೋರಿಕೆ.

ಇಷ್ಟೆಲ್ಲ ಆದರೂ ನಾನು ಬಾಯಿ ತೆರೆದಿರಲಿಲ್ಲ. ಮಗಳು ಪ್ರತಿ ತುತ್ತಿಗೂ ಅಪ್ಪನ ಮುಖ ನೋಡುತ್ತಿದ್ದಳು, ಅಪ್ಪ ಪ್ರತಿ ತುತ್ತಿಗೂ ‘ಚೆನ್ನಾಗಿದೆ ಮಗಾ’ ಎನ್ನುತ್ತಿದ್ದರು. ಆಮೇಲೆ ಮುಚ್ಚಳವಿರುವ ಪುಟ್ಟ ಪಿಂಗಾಣಿ ಲೋಟಗಳು ಬಂದವು. ‘ಚವನ್‌ಮುಶಿ’ ಎಂದರು. ಮೊಟ್ಟೆಯನ್ನು ಸಾರಿನಲ್ಲಿ ಕದಡಿ ಹಬೆಯಲ್ಲಿ ಬೇಯಿಸಿದ್ದು, ನಮ್ಮ ಗಿಣ್ಣಿನ ಹಾಗೆ ನಡುಗುತ್ತಿರುತ್ತದೆ, ಆದರೆ ಸಿಹಿಯಲ್ಲ. ಇದರ ಬಗ್ಗೆ ನಾನು ಓದಿದ್ದೆ. ಅಣಬೆ, ಗಿಂಕೋ ಬೀಜ, ಕೆಲವೊಮ್ಮೆ ಕೋಳಿ, ಮತ್ತು ಸಾಮಾನ್ಯವಾಗಿ ಒಂದು ಸಿಗಡಿ, ಇವೆಲ್ಲ ಮೇಲೆ ಕಾಣುವುದಿಲ್ಲ, ತಳದಲ್ಲಿರುತ್ತವೆ. ಇವರು ಚಮಚ ಎತ್ತಿಯಾಗಿತ್ತು. ‘ನಿಲ್ಲಿ’ ಎಂದು ಕೈ ಹಿಡಿದು, ನನ್ನ ಲೋಟವನ್ನು ತಳದವರೆಗೆ ಕಲಕಿ ನೋಡಿದೆ. ಸಿಗಡಿ ಇತ್ತು. ಅವರ ಲೋಟ ಕಲಕಿದೆ. ಅದರಲ್ಲೂ ಇತ್ತು.

ನಾನು ಕೂಗಾಡಲಿಲ್ಲ. ಕಟ್ಟೆಯಾಚೆಗಿನ ಅಡುಗೆಯವರನ್ನು ಕರೆದು ತೋರಿಸಿದೆ. ‘ಇದು ಒಳಗಿನ ಅಡುಗೆಮನೆಯಿಂದ ಬರುತ್ತದೆ ಮೇಡಂ, ನನಗೆ ಯಾರೂ ಹೇಳಲಿಲ್ಲ’ ಎಂದರು. ಮ್ಯಾನೇಜರು ಬಂದರು. ಬಂದವರೇ ಲೋಟ ತಂದಿಟ್ಟ ಹುಡುಗನನ್ನು ಎಲ್ಲರೆದುರು ಹಿಡಿದುಕೊಂಡರು. ಮಣಿಪುರದ ಕಡೆಯ ಹುಡುಗ, ಇಪ್ಪತ್ತೂ ಆಗಿರಲಿಕ್ಕಿಲ್ಲ. ಅವನ ಕೈಯಲ್ಲಿದ್ದ ತಟ್ಟೆ ನಡುಗುತ್ತಿತ್ತು.

ಆಗ ನಮ್ಮವರು ಎದ್ದು ನಿಂತರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಹೋಟೆಲಿನಲ್ಲಿ ದನಿ ಎತ್ತಿದ್ದನ್ನು ನಾನು ಕಂಡಿಲ್ಲ. ಉಪ್ಪು ಹೆಚ್ಚಾದರೂ, ಚಹಾ ತಣ್ಣಗಿದ್ದರೂ ಸುಮ್ಮನೆ ತಿಂದೆದ್ದು ಬರುವವರು. ‘ಉಸ್‌ಕೋ ಮತ್ ಡಾಂಟೋ’ ಎಂದರು. ‘ಅವನು ತಂದಿಟ್ಟವನು ಮಾತ್ರ. ನಾವು ಹೇಳಿದ್ದು ನಿಮಗೆ. ನೀವು ಬರೆದುಕೊಂಡದ್ದು ಎಲ್ಲಿಗೆ ಹೋಯಿತು, ಅದನ್ನು ಹೇಳಿ.’

ಮಕ್ಕಳೇ, ಇದರ ಹಿಂದಿನ ಕಥೆ ನಿಮ್ಮ ಮನೆಗಳಲ್ಲೂ ಇರಬಹುದು, ನೀವು ಕೇಳಿರಲಿಕ್ಕಿಲ್ಲ. ಇವರು ಮುಂಬಯಿಗೆ ಬಂದಾಗ ಹದಿನಾಲ್ಕು ವರ್ಷ. ಊರಿನವರೊಬ್ಬರ ಹೋಟೆಲಿನಲ್ಲಿ ಮೊದಲು ಕಪ್ಪು ಬಸಿ ತೊಳೆದರು, ಆಮೇಲೆ ಟೇಬಲ್ ಒರೆಸಿದರು, ಆಮೇಲೆ ವೇಟರಾದರು. ರಾತ್ರಿ ಶಾಲೆಗೆ ಹೋಗಿ ಎಸ್.ಎಸ್.ಸಿ. ಮುಗಿಸಿದರು. ರಾತ್ರಿ ಹೋಟೆಲು ಮುಚ್ಚಿದ ಮೇಲೆ ಟೇಬಲ್ಲುಗಳನ್ನು ಜೋಡಿಸಿ ಅದರ ಮೇಲೆಯೇ ಮಲಗುವುದು. ಒಂದು ಗ್ಲಾಸು ಒಡೆದರೆ ಸಂಬಳದಲ್ಲಿ ಕಡಿತ. ಗಿರಾಕಿ ದೂರು ಹೇಳಿದರೆ ತಪ್ಪು ಯಾರದ್ದೇ ಇರಲಿ, ಬೈಗಳು ತಂದಿಟ್ಟವನಿಗೆ. ಮುಂಬಯಿಯ ಎಷ್ಟು ಕನ್ನಡ ಕುಟುಂಬಗಳ ಅಡಿಪಾಯ ಇಂಥ ಹುಡುಗರ ಬೆನ್ನ ಮೇಲೆ ನಿಂತಿದೆ, ನಿಮ್ಮ ಅಜ್ಜಂದಿರನ್ನು ಕೇಳಿ. ಈ ಕಾರಣಕ್ಕೆ ಇವರು ಯಾವ ಹೋಟೆಲಿನಲ್ಲೂ ದೂರು ಹೇಳುವುದಿಲ್ಲ. ಮಗಳಿಗೆ ಇದು ಅಪ್ಪನ ಸಂಕೋಚ ಎಂದೇ ತೋರಿತ್ತು. ಇಪ್ಪತ್ತೇಳು ವರ್ಷದ ಹುಡುಗಿ, ಅವತ್ತು ಮೊದಲ ಸಲ ಅಪ್ಪನನ್ನು ಬಾಯಿ ಬಿಟ್ಟು ನೋಡಿದಳು.

ಆ ಲೋಟಗಳ ಬದಲಿಗೆ ಸೌತೆಕಾಯಿಯ ಸುರುಳಿ ಬಂತು. ಬಿಲ್ಲು ಕಡಿಮೆಯಾಗಲಿಲ್ಲ, ಅದರಲ್ಲಿ ನೂರಕ್ಕೆ ಹತ್ತರಂತೆ ಸರ್ವಿಸ್ ಚಾರ್ಜು ಬೇರೆ. ಇಲ್ಲಿ ನಿಮಗೆ ಉಪಯೋಗಕ್ಕೆ ಬರುವ ಮಾತೊಂದಿದೆ. ಬಿಲ್ಲಿಗೆ ಸರ್ವಿಸ್ ಚಾರ್ಜನ್ನು ತಾನಾಗಿ ಸೇರಿಸುವಂತಿಲ್ಲ, ಕೊಡಲೇಬೇಕೆಂದು ಒತ್ತಾಯಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಹೇಳಿತು. ಹೋಟೆಲುಗಳ ಸಂಘಗಳು ಕೋರ್ಟಿಗೆ ಹೋದವು. ದೆಹಲಿ ಹೈಕೋರ್ಟು 2025ರ ಮಾರ್ಚ್‌ನಲ್ಲಿ ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ತೆಗೆಯಿರಿ ಎಂದು ಶಾಂತವಾಗಿ ಹೇಳಿದರೆ ಸಾಕು. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು. ನಾನು ಹೇಳಿದೆ, ತೆಗೆದರು. ಮೂವರ 22,500ಕ್ಕೆ ಶೇಕಡಾ 5 ತೆರಿಗೆ 1,125 ಸೇರಿ 23,625 ಆಯಿತು. ಉಳಿದ ಸರ್ವಿಸ್ ಚಾರ್ಜಿನಲ್ಲಿ ಒಂದಿಷ್ಟನ್ನು ನಮ್ಮವರು ಹೊರಗೆ ಬಂದು ಆ ಹುಡುಗನ ಕೈಗೇ ಕೊಟ್ಟರು. ಅವನು ಬೇಡವೆಂದ, ಇವರು ಬಿಡಲಿಲ್ಲ.

ಟ್ಯಾಕ್ಸಿಯಲ್ಲಿ ಮಗಳು ಮಾತಾಡಲಿಲ್ಲ. ಮುಲುಂಡ್ ದಾಟಿ ಐರೋಲಿ ಸೇತುವೆ ಹತ್ತುವಾಗ ಕೇಳಿದಳು: ‘ಅಮ್ಮ, ನಿಜ ಹೇಳು. ಸಿಗಡಿಯ ವಿಷಯ ಬಿಡು. ಊಟ ಹೇಗಿತ್ತು?’ ಅಪ್ಪ ಬೇಡವೆಂಬಂತೆ ನನ್ನ ಮೊಣಕೈ ಮುಟ್ಟಿದರು. ನಾನು ನಿಜವನ್ನೇ ಹೇಳಿದೆ: ‘ಚೆನ್ನಾಗಿರಲಿಲ್ಲ. ನೀನು ಕರೆದುಕೊಂಡು ಹೋದದ್ದು ಚೆನ್ನಾಗಿತ್ತು; ಊಟ ಚೆನ್ನಾಗಿರಲಿಲ್ಲ.’ ಅವಳಿಗೆ ಅಳು ಬಂತು. ಬರಬೇಕಾದದ್ದೇ. ಆದರೆ ಮಕ್ಕಳ ದುಡ್ಡಿನ ಮೊದಲ ಉಡುಗೊರೆಗೆ ಸುಳ್ಳು ಹೊಗಳಿಕೆ ಕೊಟ್ಟರೆ, ಆಮೇಲೆ ನಮ್ಮ ಹೊಗಳಿಕೆಗೆ ಏನು ಬೆಲೆ? ಅವಳು ಮಾಡುವ ಬೂತಾಯಿ ಪುಳಿಮುಂಚಿ ನನ್ನದಕ್ಕಿಂತ ಚೆನ್ನಾಗಿರುತ್ತದೆ ಎಂದು ನಾನು ಹೇಳಿದಾಗ ಅವಳು ನಂಬಬೇಡವೇ?

ಮರುದಿನ ಭಾನುವಾರ, ದೋಸೆ ತಿನ್ನುತ್ತ ದೊಡ್ಡ ಚರ್ಚೆಯೇ ನಡೆಯಿತು. ‘ನಮ್ಮದು ಎಲೆಯೂಟ ನೋಡು, ಅದೂ ಒಮಾಕಾಸೆಯೇ’ ಎಂದರು ಇವರು. ಮಾಟುಂಗಾ ಸ್ಟೇಶನ್ನಿನ ಎದುರು ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ನಡೆಯುತ್ತಿದೆ. ಅಲ್ಲಿ ಎಲೆಯ ಮುಂದೆ ಕುಳಿತ ಮೇಲೆ ನಾವು ಹೇಳುವುದೇನೂ ಇಲ್ಲ. ಇವತ್ತಿನ ಪಲ್ಯ ಯಾವುದು, ಸಾರಿಗೆ ಏನು ಹಾಕಿದ್ದಾರೆ, ಎಲ್ಲ ಅವರ ತೀರ್ಮಾನ. ಆದರೆ ಬಡಿಸುವವನ ಕಣ್ಣು ಎಲೆಯ ಮೇಲೆಯೇ ಇರುತ್ತದೆ. ಯಾರ ಪಲ್ಯ ಮುಗಿಯಿತು, ಯಾರು ಸಾರಿಗೆ ಕಾಯುತ್ತಿದ್ದಾರೆ, ಯಾರು ಮೊಸರಿನ ಕಡೆ ನೋಡುತ್ತಿದ್ದಾರೆ ಎಂದು ಅವನಿಗೆ ಕೇಳದೆಯೇ ಗೊತ್ತಾಗುತ್ತದೆ. ‘ಅದು ಕಲಿಯಲು ನನಗೆ ಎರಡು ವರ್ಷ ಬೇಕಾಯಿತು. ತಟ್ಟೆ ನೋಡಬಾರದು, ಮುಖ ನೋಡಬಾರದು, ಕೈ ನೋಡಬೇಕು. ಅನ್ನ ಕಲಸುವ ಕೈ ನಿಧಾನವಾದರೆ ಸಾರು ಸಾಲದು ಎಂದು ಅರ್ಥ’ ಎಂದರು. ಮೂವತ್ತು ವರ್ಷದಲ್ಲಿ ನನಗೂ ಹೇಳದ ಗುಟ್ಟು ಇದು! ಈಗ ಬಡಿಸುವಾಗ ನಾನೂ ಕೈ ನೋಡುತ್ತಿದ್ದೇನೆ.

ಮಗಳು ಸುಮ್ಮನಿರುವವಳೇ? ‘ಹೌದು, ಆದರೆ ನಮ್ಮ ಸಂಘದ ಊಟಗಳಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಬಡಿಸುತ್ತಾರಲ್ಲ, ಬೆರಳ ಸಂದಿಯಲ್ಲಿ ಪಾಯಸ ಸುರಿಯುತ್ತಾರಲ್ಲ, ಅದು ಯಾವ ಕಣ್ಣು? ಅಪ್ಪನಿಗೆ ಸಿಗಡಿ ಆಗುವುದಿಲ್ಲ ಎಂದರೆ ನಿಮ್ಮ ನೆಂಟರು ನಗುವುದಿಲ್ಲವೇ? ಆ ಹೋಟೆಲಿನವರು ಮರೆತರು. ನಮ್ಮವರು ಕೇಳಿಸಿಕೊಳ್ಳುವುದೇ ಇಲ್ಲ’ ಎಂದಳು. ಮಾತು ಖಾರವಾಗಿತ್ತು, ಆದರೆ ಸುಳ್ಳಾಗಿರಲಿಲ್ಲ. ಬಲವಂತವೇ ಉಪಚಾರ ಎಂದುಕೊಂಡ ಕಾಲ ಒಂದಿತ್ತು, ಊಟಕ್ಕೆ ಅಭಾವವಿದ್ದ ಕಾಲ. ಈಗ ಸಕ್ಕರೆ ಕಾಯಿಲೆಯವರಿಗೆ ಎರಡನೇ ಸೌಟು ಪಾಯಸ ಸುರಿಯುವುದನ್ನು ಉಪಚಾರ ಎನ್ನಲು ನನಗೂ ಬಾಯಿ ಬರುವುದಿಲ್ಲ.

ಒಳ್ಳೆಯ ಒಮಾಕಾಸೆ ಹೇಗಿರುತ್ತದೆಂದು ನೋಡಬೇಕಿದ್ದರೆ ಡೇವಿಡ್ ಗೆಲ್ಬ್ 2011ರಲ್ಲಿ ಮಾಡಿದ, ಜಿರೋ ಓನೋ ಎಂಬ ವೃದ್ಧರ ಕುರಿತ ಸಾಕ್ಷ್ಯಚಿತ್ರವಿದೆ. ಮಗಳೇ ಅವತ್ತು ಸಂಜೆ ಹಾಕಿ ತೋರಿಸಿದಳು. ಟೋಕಿಯೋದ ಗಿಂಜಾದಲ್ಲಿ, ನೆಲದಡಿಯ ರೈಲು ನಿಲ್ದಾಣದ ಪಕ್ಕದಲ್ಲಿ ಹತ್ತೇ ಕುರ್ಚಿಯ ಅಂಗಡಿ ಅದು. 2014ರಲ್ಲಿ ಅಮೆರಿಕದ ಅಧ್ಯಕ್ಷ ಒಬಾಮಾ ಅಲ್ಲಿ ಉಂಡಿದ್ದರು. ಗಿರಾಕಿ ಎಡಗೈಯಲ್ಲಿ ತಿನ್ನುತ್ತಾನೆಂದು ಕಂಡರೆ ಜಿರೋ ಮುಂದಿನ ತುತ್ತನ್ನು ಅವನ ಎಡಗೈಗೆ ಅನುಕೂಲವಾಗುವಂತೆ ಇಡುತ್ತಾರೆ. ಹೆಂಗಸರಿಗೆ ಮುದ್ದೆ ಸ್ವಲ್ಪ ಚಿಕ್ಕದು ಮಾಡುತ್ತಾರೆ, ಎಲ್ಲರೂ ಒಟ್ಟಿಗೆ ಮುಗಿಸಲೆಂದು. ಅಲ್ಲಿನ ಶಿಷ್ಯನೊಬ್ಬ ಮೊಟ್ಟೆಯ ‘ತಮಾಗೋ’ ಇನ್ನೂರು ಸಲ ಮಾಡಿದ ಮೇಲೆ ಗುರುಗಳು ಸರಿ ಎಂದರಂತೆ, ಅವನು ಅತ್ತನಂತೆ. ನಮ್ಮವರು ಆ ಭಾಗವನ್ನು ಎರಡು ಸಲ ಹಾಕಿಸಿಕೊಂಡು ನೋಡಿದರು. ಇದೇ ಸುಶಿಯ ಇನ್ನೊಂದು ತುದಿಯೂ ಜಪಾನಿನದ್ದೇ: 1958ರಲ್ಲಿ ಒಸಾಕಾದಲ್ಲಿ ಶಿರಾಯಿಶಿ ಎಂಬವರು ತಿರುಗುವ ಪಟ್ಟಿಯ ಮೇಲೆ ಸುಶಿ ತಟ್ಟೆಗಳನ್ನು ಓಡಿಸುವ ಅಗ್ಗದ ಅಂಗಡಿ ತೆರೆದರು. ಬೇಕಾದ್ದು ಎತ್ತಿಕೊಳ್ಳಿ, ತಿನ್ನಿ, ನಡೆಯಿರಿ. ಅಲ್ಲಿ ಯಾರೂ ಯಾರನ್ನೂ ನೋಡಬೇಕಿಲ್ಲ, ಅದಕ್ಕೆ ತಕ್ಕ ಬೆಲೆ. ನಮ್ಮ ಹೋಟೆಲಿನವರು ಪಟ್ಟಿಯ ಸುಶಿ ಕೊಟ್ಟು ಜಿರೋನ ಬೆಲೆ ತೆಗೆದುಕೊಂಡರು, ನನ್ನ ತಕರಾರು ಇಷ್ಟೇ.

ನನಗೆ ನಿಜವಾದ ಒಮಾಕಾಸೆ ಸಿಗುವುದು ಬೇರೊಂದು ಕಡೆ. ಇಲ್ಲೇ ದಿವಾ ಗಾಂವ್ ಕಡೆಯಿಂದ ಮೀನು ತರುವ ಕೋಳಿ ಹೆಂಗಸೊಬ್ಬಳಿದ್ದಾಳೆ. ಐರೋಲಿಯಲ್ಲಿ ಈ ಸೆಕ್ಟರುಗಳು, ಗಾಜಿನ ಕಟ್ಟಡಗಳು ಬರುವುದಕ್ಕೆ ಮೊದಲು ಇದ್ದದ್ದು ಅವಳ ಜನ, ಕೋಳಿಗಳು ಮತ್ತು ಆಗ್ರಿಗಳು. ಬುಟ್ಟಿಯೆದುರು ಬಗ್ಗಿದರೆ ಕೆಲವು ದಿನ ಅವಳೇ ‘ಆಜ್ ನಕೋ ತಾಈ’ ಎಂದು ಬುಟ್ಟಿ ಮುಚ್ಚುತ್ತಾಳೆ. ಇವತ್ತು ಬೇಡ, ನಾಳೆ ಬಾ. ಕಿವಿರು ಕೆಂಪಗಿದೆಯೇ, ಕಣ್ಣು ಹೊಳೆಯುತ್ತಿದೆಯೇ, ಒತ್ತಿದರೆ ಮಾಂಸ ಮೇಲೇಳುತ್ತದೆಯೇ ಎಂದು ನನಗೂ ನೋಡಲು ಬರುತ್ತದೆ. ಆದರೂ ಅವಳು ಬೇಡವೆಂದ ದಿನ ನಾನು ನೋಡಲು ಹೋಗುವುದಿಲ್ಲ. ಜೂನ್, ಜುಲೈ ಎರಡು ತಿಂಗಳು ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗ ಒಣಮೀನು ಕೊಡುತ್ತಾಳೆ, ‘ಹಸಿ ಮೀನು ಎಂದು ಯಾರಾದರೂ ಮಾರಿದರೆ ಎಲ್ಲಿಯದೆಂದು ಕೇಳು’ ಎನ್ನುತ್ತಾಳೆ. ನಮ್ಮವರಿಗೆ ಸಿಗಡಿ ಆಗುವುದಿಲ್ಲ ಎಂದು ಅವಳಿಗೆ ಒಮ್ಮೆ ಹೇಳಿದ್ದೆ, ವರ್ಷಗಳ ಹಿಂದೆ. ಸಿಗಡಿಯ ಜೊತೆ ಇಟ್ಟ ಮೀನನ್ನು ಇವತ್ತಿಗೂ ಅವಳು ನನ್ನ ಚೀಲಕ್ಕೆ ಹಾಕುವುದಿಲ್ಲ. ಎಲ್ಲಿಯೂ ನೋಟ್ ಮಾಡಿಕೊಂಡವಳಲ್ಲ.

ಮಗಳು ಆ ಹೋಟೆಲಿಗೆ ಒಂದು ಪತ್ರ ಬರೆದಳು. ನಾನು ಕಾಗುಣಿತ ತಿದ್ದಿದೆ, ಎರಡು ಕಡೆ ಕೋಪ ಕಡಿಮೆ ಮಾಡಿಸಿದೆ. ದುಡ್ಡು ವಾಪಸು ಕೇಳಲಿಲ್ಲ. ಬುಕಿಂಗಿನಲ್ಲಿ ತಿಳಿಸಿದ ಅಲರ್ಜಿ ಅಡುಗೆಮನೆಗೆ ಹೇಗೆ ತಲುಪುತ್ತದೆ, ಕಟ್ಟೆಯಲ್ಲಿರುವವರಿಗೆ ಯಾರು ಹೇಳುತ್ತಾರೆ, ಇಷ್ಟೇ ಪ್ರಶ್ನೆ. ಕೊನೆಗೆ ಒಂದು ಸಾಲು, ತಂದಿಟ್ಟ ಹುಡುಗನ ತಪ್ಪಿಲ್ಲ, ಅವನಿಗೆ ತೊಂದರೆಯಾಗಬಾರದು ಎಂದು. ಆ ಸಾಲು ಅಪ್ಪನದ್ದು. ನಾಲ್ಕು ದಿನಕ್ಕೆ ಉತ್ತರ ಬಂತು: ಕ್ಷಮೆ, ಮುಂದಿನ ಭೇಟಿಗೆ ಉಚಿತ ಡೆಸರ್ಟಿನ ಕೂಪನ್ನು. ಪ್ರಶ್ನೆಗೆ ಉತ್ತರವಿರಲಿಲ್ಲ. ಮಗಳು ಮತ್ತೆ ಬರೆದಿದ್ದಾಳೆ. ಈ ಅಂಕಣ ಅಚ್ಚಿಗೆ ಕೊಡುವವರೆಗೆ ಏನೂ ಬಂದಿಲ್ಲ.

ನಿಮ್ಮಲ್ಲಿ ಇಂಥ ಅಲರ್ಜಿ ಇರುವವರಿದ್ದರೆ, ಅಥವಾ ಮನೆಯಲ್ಲಿ ಇದ್ದರೆ, ಹೊರಗೆ ಉಣ್ಣುವಾಗ ಬಾಗಿಲಲ್ಲಿ ಹೇಳಿದ್ದು ಸಾಕೆಂದು ಬಿಡಬೇಡಿ. ತಟ್ಟೆ ಇಡುವವರಿಗೂ, ಮಾಡುವವರಿಗೂ ಒಂದೊಂದು ಸಲ ಹೇಳಿ. ಸಾರು, ಸಾಸು, ಎಣ್ಣೆ ಯಾವುದರದ್ದೆಂದು ಕೇಳಿ. ಅಂಗಡಿಯ ಪೊಟ್ಟಣಗಳ ಮೇಲೆ ಸಿಗಡಿ, ನೆಲಗಡಲೆ, ಹಾಲು ಮುಂತಾದವು ಇದ್ದರೆ ಬರೆಯಲೇಬೇಕೆಂಬ ನಿಯಮವಿದೆ, ಓದುವ ಅಭ್ಯಾಸ ಇಟ್ಟುಕೊಳ್ಳಿ. ಮುಜುಗರ ಪಡಬೇಡಿ. ಈ ಸಲದ ವಾರ್ಷಿಕೋತ್ಸವದ ಊಟಕ್ಕೆ ಹೆಸರು ಕೊಡುವ ಚೀಟಿಯಲ್ಲಿ ‘ಆಗದ ಪದಾರ್ಥ’ ಎಂದು ಒಂದು ಸಾಲು ಹಾಕಿಸಲು ನಾನು ಮತ್ತು ಮಗಳು ಸಮಿತಿಯವರನ್ನು ಕೇಳಿದ್ದೇವೆ. ಹಿರಿಯರೊಬ್ಬರು ‘ಇದೆಲ್ಲ ಏನು ಹೊಸ ಶೋಕಿ’ ಎಂದರು. ನೀವು ಹತ್ತು ಜನ ಬಂದು ಹೇಳಿದರೆ ಆ ಸಾಲು ಬೀಳುತ್ತದೆ. ಬಡಿಸಲು ಕೈ ಜೋಡಿಸುವವರೂ ಬೇಕು. ಹಿಂದಿನ ದಿನ ಸಂಜೆ ಅರ್ಧ ಗಂಟೆ ಹೇಳಿಕೊಡಲು ನಮ್ಮವರು ಒಪ್ಪಿದ್ದಾರೆ.